ತಜ್ಞರ ಉತ್ತರ: ಫಿಟ್ಸ್ ಫೈಲ್ ತೆಗೆದರೆ ಬರೀ ಕಪ್ಪು, ಇದಕ್ಕೆ ಕೋಡಿಂಗ್ ಕೋರ್ಸ್ ಸೇರಬೇಕಾ?

ಪ್ರಶ್ನೆ: ಸಿಂಧನೂರು ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ಗಣಿತ ಪಾಠ ಮಾಡುತ್ತೇನೆ. ವಯಸ್ಸು 38. ಓದಿದ್ದು ಕನ್ನಡ ಮಾಧ್ಯಮ. ಕಂಪ್ಯೂಟರ್ ಅಂದರೆ ನನಗೆ ವರ್ಡ್, ಎಕ್ಸೆಲ್ ಅಷ್ಟೇ. ಆಕಾಶ ನೋಡುವ ಹುಚ್ಚು ಮಾತ್ರ ಸಣ್ಣಂದಿನಿಂದ ಇದೆ. ಪರಿಚಯದ ಹವ್ಯಾಸಿಯೊಬ್ಬರು ತಮ್ಮ ಟೆಲಿಸ್ಕೋಪಿನಲ್ಲಿ ತೆಗೆದ ಎಂ51 ಗೆಲಾಕ್ಸಿಯ 42 ಫಿಟ್ಸ್ ಫೈಲುಗಳನ್ನು (ಟೆಲಿಸ್ಕೋಪ್ ಚಿತ್ರಗಳನ್ನು ಇಡುವ ಫೈಲ್ ಬಗೆಯಂತೆ) ಪೆನ್ ಡ್ರೈವಿನಲ್ಲಿ ಕೊಟ್ಟರು. 22 ಗೆಲಾಕ್ಸಿಯವು, 10 ‘ಡಾರ್ಕ್’, 10 ‘ಫ್ಲ್ಯಾಟ್’. ಇವನ್ನು ನೋಡುವ ಡಿಎಸ್9 ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು ತೆಗೆದರೆ ಬರೀ ಕಪ್ಪು, ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ. ಅಳತೆ 4656 × 3520 ಅಂತ ತೋರಿಸುತ್ತದೆ. ವಿಡಿಯೋ ನೋಡಿ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಹಾಕಿದೆ. ಎಲ್ಲ 42 ಫೈಲನ್ನೂ ಒಟ್ಟಿಗೆ ತೆಗೆದು ಮೀಡಿಯನ್ (ಮಧ್ಯಾಂಕ) ಮಾಡಲು ಹೋದರೆ ಲ್ಯಾಪ್‌ಟಾಪ್ (8 ಜಿಬಿ ರ‍್ಯಾಮ್, ವಿಂಡೋಸ್) ಅಲ್ಲೇ ನಿಂತುಬಿಟ್ಟಿತು. ಆಮೇಲೆ ನನ್ನ ತಮ್ಮ ಹಾಕಿಕೊಟ್ಟಿದ್ದ ಉಬುಂಟು (ಲಿನಕ್ಸಿನ ಒಂದು ಬಗೆ) ಟರ್ಮಿನಲ್ಲಿನಲ್ಲಿ ‘ಎಂ51 ಓಲ್ಡ್’ ಅನ್ನುವ ಫೋಲ್ಡರ್ ಅಳಿಸಲು ಹೋದೆ. ಅದು ಹಾಗೇ ಉಳಿಯಿತು, ಪಕ್ಕದಲ್ಲಿದ್ದ ‘ಎಂ51’ ಹೋಯಿತು! ರೀಸೈಕಲ್ ಬಿನ್‌ನಲ್ಲೂ ಇಲ್ಲ. ಪುಣ್ಯಕ್ಕೆ ಪೆನ್ ಡ್ರೈವ್ ಇದೆ. ಇಂಜಿನಿಯರಿಂಗ್ ಓದಿದ ತಮ್ಮ ‘ವಿಂಡೋಸ್ ತೆಗೆದು ಪೂರ್ತಿ ಲಿನಕ್ಸ್ ಹಾಕು, ಇಲ್ಲ 80 ಸಾವಿರದ ಹೊಸ ಲ್ಯಾಪ್‌ಟಾಪ್ ತಗೋ’ ಅನ್ನುತ್ತಾನೆ. ರಾಯಚೂರಿನ ಒಂದು ಕೋಚಿಂಗ್ ಸೆಂಟರಿನವರು ಡೇಟಾ ಸೈನ್ಸ್ ಕೋರ್ಸಿಗೆ 45 ಸಾವಿರ ಕೇಳಿದರು. ಸೇರಲಾ? ಈ ವಯಸ್ಸಿಗೆ, ನನ್ನ ಇಂಗ್ಲಿಷಿಗೆ, ಕೋಡಿಂಗ್ ತಲೆಗೆ ಹತ್ತುತ್ತದಾ? ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ನಿಜವಾದ ಡೇಟಾ ತೋರಿಸಬೇಕು ಅನ್ನುವುದು ನನ್ನ ಆಸೆ.

ಉತ್ತರ: ಅಕ್ಕೋರೇ (ನಾನು ಬಳ್ಳಾರಿ ಕಡೆಯವನು, ಶಾಲೆಯ ಟೀಚರ್‌ಗೆ ಬೇರೆ ಹೆಸರು ಬಾಯಿಗೆ ಬರುವುದಿಲ್ಲ), ನಿಮ್ಮ ಫೈಲು ಕೆಟ್ಟಿಲ್ಲ. ಲ್ಯಾಪ್‌ಟಾಪೂ ಕೆಟ್ಟಿಲ್ಲ. ಗೆಲಾಕ್ಸಿ ಆ ಕಪ್ಪಿನೊಳಗೇ ಇದೆ.

ನಿಮ್ಮ ಪತ್ರದಲ್ಲಿ ಮೂರು ತೊಂದರೆ ಸೇರಿ ಒಂದೇ ಗಂಟಾಗಿವೆ. ಚಿತ್ರ ಕಪ್ಪಾಗಿ ಕಂಡಿದ್ದು, ಲ್ಯಾಪ್‌ಟಾಪ್ ನಿಂತಿದ್ದು, ಫೋಲ್ಡರ್ ಹೋಗಿದ್ದು. ಮೂರಕ್ಕೂ ನೀವು ‘ನನಗೆ ಕೋಡಿಂಗ್ ಬರಲ್ಲ’ ಅನ್ನುವ ಒಂದೇ ಕಾರಣ ಕೊಟ್ಟುಕೊಂಡು ಕೂತಿದ್ದೀರಿ. ನಾನು ಹದಿನೈದು ವರ್ಷದಿಂದ ಟೆಲಿಸ್ಕೋಪ್ ಚಿತ್ರಗಳನ್ನು ಹಸನು ಮಾಡುವ ಕೆಲಸದಲ್ಲಿದ್ದೇನೆ. ಈ ಮೂರೂ ನನಗೂ ಆಗಿವೆ. ಮೂರಕ್ಕೂ ಬೇರೆ ಬೇರೆ ಕಾರಣ ಇವೆ, ಅವನ್ನು ತಿಳಿಯಲು ಹೈಸ್ಕೂಲ್ ಗಣಿತ ಸಾಕು. ಒಂದೊಂದೇ ಬಿಚ್ಚೋಣ.

ಮೊದಲು ಕಪ್ಪು. ಫಿಟ್ಸ್ ಫೈಲನ್ನು ನೀವು ಫೋಟೋ ಅಂದುಕೊಂಡಿರಿ. ಅದು ನಿಜಕ್ಕೂ ಅಂಕಿಗಳ ಪಟ್ಟಿ. ದೊಡ್ಡದೊಂದು ಎಕ್ಸೆಲ್ ಶೀಟ್ ಅಂದುಕೊಳ್ಳಿ. ಅಡ್ಡಕ್ಕೆ 4656 ಮನೆ, ಉದ್ದಕ್ಕೆ 3520 ಮನೆ, ಒಟ್ಟು 1 ಕೋಟಿ 64 ಲಕ್ಷ ಮನೆ. ಒಂದೊಂದು ಮನೆಯಲ್ಲೂ 0 ಯಿಂದ 65535 ರವರೆಗಿನ ಯಾವುದೋ ಒಂದು ಅಂಕಿ. ಆ ಜಾಗಕ್ಕೆ ಎಷ್ಟು ಬೆಳಕು ಬಿತ್ತು ಅನ್ನುವ ಲೆಕ್ಕ ಅದು. ನಿಮ್ಮ ಪರದೆಗೆ ಮಾತ್ರ ಕಪ್ಪಿನಿಂದ ಬಿಳಿಯವರೆಗೆ 256 ಮೆಟ್ಟಿಲು ಅಷ್ಟೇ ಇವೆ. 65536 ಅಂಕಿಗಳನ್ನು 256 ಮೆಟ್ಟಿಲಿಗೆ ಹಂಚಿದರೆ ಒಂದು ಮೆಟ್ಟಿಲಿಗೆ 256 ಅಂಕಿ ಬಂತು, ಅಲ್ವಾ?

ಈಗ ನೋಡಿ. ಖಾಲಿ ಆಕಾಶದ ಅಂಕಿ ಸುಮಾರು 1000 ಇದೆ ಅನ್ನಿ. ಸೊನ್ನೆಯಿಂದ ಎಣಿಸಿದರೆ ಅದು ಮೂರನೇ ಮೆಟ್ಟಿಲು. ಗೆಲಾಕ್ಸಿಯ ತೋಳು 1300. ಅದು ಐದನೇ ಮೆಟ್ಟಿಲು. ನಾಲ್ಕಾರು ನಕ್ಷತ್ರಗಳು 60 ಸಾವಿರದ ಮೇಲೆ, ಅವು ಬೆಳ್ಳಗೆ ಕಂಡವು. 256 ಮೆಟ್ಟಿಲಿನ ಏಣಿಯಲ್ಲಿ ಮೂರಕ್ಕೂ ಐದಕ್ಕೂ ಇರುವ ವ್ಯತ್ಯಾಸ ಯಾರ ಕಣ್ಣಿಗೆ ಕಾಣುತ್ತದೆ? ಭತ್ತದ ಲಾರಿ ತೂಗುವ ವೇಬ್ರಿಡ್ಜಿನ ಮೇಲೆ ಮೂಗುತಿ ಇಟ್ಟು, ತೂಕ ತೋರಿಸುತ್ತಿಲ್ಲ ಅಂದ ಹಾಗಾಯಿತು.

ಡಿಎಸ್9 ನಲ್ಲಿ ‘ಸ್ಕೇಲ್’ ಅನ್ನುವ ಮೆನು ಇದೆ. ಅದರಲ್ಲಿ ‘ಝಡ್‌ಸ್ಕೇಲ್’ ಒತ್ತಿ. 256 ಮೆಟ್ಟಿಲನ್ನೂ ಅದು ಆಕಾಶದ ಅಂಕಿಗಳ ಆಸುಪಾಸಿಗೇ ಹಂಚುತ್ತದೆ. ನಕ್ಷತ್ರಗಳು ಪೂರ್ತಿ ಬಿಳಿಯಾಗಿ ಉಕ್ಕಿಬಿಡುತ್ತವೆ, ಆದರೆ ನಡುವೆ ಎಂ51 ರ ಸುರುಳಿ ಮೇಲೆ ಬರುತ್ತದೆ. ಇದಕ್ಕೆ ಸ್ಟ್ರೆಚ್ ಮಾಡುವುದು ಅನ್ನುತ್ತಾರೆ. ಫೈಲಿನ ಅಂಕಿಗಳು ಒಂದೂ ಬದಲಾಗಿಲ್ಲ, ನೋಡುವ ಕನ್ನಡಕ ಬದಲಾಯಿತು. ಆದ್ದರಿಂದಲೇ ಒಂದು ಎಚ್ಚರಿಕೆ: ಹೀಗೆ ಚೆಂದ ಕಂಡ ಚಿತ್ರವನ್ನು ಜೆಪೆಗ್ ಮಾಡಿ ವಾಟ್ಸಾಪಿನಲ್ಲಿ ಹಂಚಿ, ತೊಂದರೆ ಇಲ್ಲ. ಅಳತೆ ಮಾಡುವುದಿದ್ದರೆ ಮಾತ್ರ ಆ ಜೆಪೆಗ್ ಮುಟ್ಟಬೇಡಿ. ಅದರಲ್ಲಿ ಅಸಲಿ ಅಂಕಿಗಳು ಉಳಿದಿರುವುದಿಲ್ಲ.

(ಬಣ್ಣ ಯಾಕಿಲ್ಲ ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಈ ಕೆಲಸದ ಕ್ಯಾಮೆರಾಗಳು ಬಹುಪಾಲು ಕಪ್ಪು-ಬಿಳುಪೇ. ಬೇರೆ ಬೇರೆ ಫಿಲ್ಟರ್ ಹಾಕಿ ತೆಗೆದ ಚಿತ್ರಗಳಿಗೆ ಒಂದೊಂದು ಬಣ್ಣ ಕೊಟ್ಟು, ಆಮೇಲೆ ಒಂದರ ಮೇಲೊಂದು ಕೂಡಿಸುತ್ತಾರೆ.)

ಇಲ್ಲಿಯವರೆಗೆ ಒಂದು ಸಾಲೂ ಕೋಡ್ ಬೇಕಾಗಲಿಲ್ಲ. ಹಾಗಾದರೆ ಕಮಾಂಡ್ ಲೈನ್, ಅಂದರೆ ಟರ್ಮಿನಲ್ಲಿನಲ್ಲಿ ಟೈಪ್ ಮಾಡಿ ಕೆಲಸ ಹೇಳುವುದು, ಯಾಕೆ? ಅದಕ್ಕೆ ನಿಮ್ಮ ಪಕ್ಕದ ಮಸ್ಕಿಗೆ ಹೋಗಿ ಬರೋಣ. 1915 ರಲ್ಲಿ ಮಸ್ಕಿಯ ಬಂಡೆ ಶಾಸನ ಸಿಗುವ ತನಕ, ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಅಂತಷ್ಟೇ ಇತ್ತು. ಯಾರೀ ದೊರೆ ಅಂತ ವಿದ್ವಾಂಸರು ಬೇರೆ ದಾರಿಯಲ್ಲಿ ಊಹಿಸಬೇಕಿತ್ತು. ಮಸ್ಕಿಯ ಬಂಡೆಯಲ್ಲಿ ಅಶೋಕ ಅನ್ನುವ ಹೆಸರೇ ಇತ್ತು, ಅನುಮಾನ ತೀರಿತು. ಫಿಟ್ಸ್ ಫೈಲಿನಲ್ಲೂ ಅಂಥದೊಂದು ಹೆಸರಿನ ಬಂಡೆ ಇದೆ. ಅದಕ್ಕೆ ಹೆಡರ್ ಅನ್ನುತ್ತಾರೆ. ಯಾವಾಗ ತೆಗೆದದ್ದು, ಎಷ್ಟು ಸೆಕೆಂಡು ಬೆಳಕು ಹಿಡಿದದ್ದು, ಯಾವ ಫಿಲ್ಟರ್, ಕ್ಯಾಮೆರಾ ಎಷ್ಟು ತಣ್ಣಗಿತ್ತು, ಎಲ್ಲ ಅಲ್ಲಿರುತ್ತದೆ. ಹೊಸಬರು ಇದನ್ನು ಓದದೆ ನೇರ ಚಿತ್ರಕ್ಕೆ ಹಾರುತ್ತಾರೆ. ನಾನು ನೋಡಿದ ಅರ್ಧ ತಪ್ಪುಗಳು ಅಲ್ಲೇ ಹುಟ್ಟುತ್ತವೆ.

ನಿಮ್ಮ ಉಬುಂಟು ಟರ್ಮಿನಲ್ ತೆಗೆದು ಹೀಗೆ ಹೊಡೆಯಿರಿ. ಓದಲು ಸುಲಭ ಆಗಲಿ ಅಂತ ಕಮಾಂಡುಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆಯುತ್ತಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ:

ಹೆಡ್ -ಸಿ 2880 ಎಂ51_01.ಫಿಟ್ಸ್ | ಫೋಲ್ಡ್ -ಡಬ್ಲ್ಯೂ 80

‘ಹೆಡ್’ ಅಂದರೆ ಫೈಲಿನ ತಲೆಭಾಗ ಕೊಡು, ಮೊದಲ 2880 ಬೈಟ್ ಸಾಕು. ನಡುವಿನ ನಿಂತ ಗೆರೆಗೆ ಪೈಪ್ ಅಂತ ಹೆಸರು. ಕಾಲುವೆ ನೀರನ್ನು ತೂಬಿನಿಂದ ಗದ್ದೆಗೆ ಬಿಟ್ಟ ಹಾಗೆ, ಒಂದು ಕಮಾಂಡಿನಿಂದ ಬಂದದ್ದನ್ನು ಇನ್ನೊಂದಕ್ಕೆ ಬಿಡುತ್ತದೆ. ‘ಫೋಲ್ಡ್’ ಅದನ್ನು 80 ಅಕ್ಷರಕ್ಕೊಮ್ಮೆ ಮಡಚಿ ಸಾಲು ಮಾಡುತ್ತದೆ. ಪರದೆಯ ಮೇಲೆ ಸರಿಯಾಗಿ 36 ಸಾಲು ಬರುತ್ತವೆ. 36 × 80 = 2880, ಗಣಿತದವರಿಗೆ ಇಷ್ಟ ಆಗಬೇಕು. ಯಾಕೆ 80? ಫಿಟ್ಸ್ ಪದ್ಧತಿ 1981 ರದು. ಅದಕ್ಕೂ ಹಿಂದಿನಿಂದ ಬಂದ ತೂತಿನ ಕಾರ್ಡುಗಳಲ್ಲಿ ಒಂದು ಕಾರ್ಡಿಗೆ 80 ಅಕ್ಷರ ಹಿಡಿಯುತ್ತಿದ್ದವು. ಕಾರ್ಡು ಹೋಯಿತು, 80 ಉಳಿಯಿತು. ಕೊನೆಯಲ್ಲಿ ‘ಎಂಡ್’ ಅನ್ನುವ ಪದ ಕಾಣದಿದ್ದರೆ ಹೆಡರ್ ಇನ್ನೂ ಇದೆ ಅಂತ ಅರ್ಥ. 2880 ಬದಲು 5760 ಹಾಕಿ ನೋಡಿ.

ಅಲ್ಲಿ ‘ಎಕ್ಸ್‌ಪ್‌ಟೈಮ್’ ಹುಡುಕಿ. ಅದು ಎಷ್ಟು ಸೆಕೆಂಡಿನ ಚಿತ್ರ ಅನ್ನುವುದು. ‘ಡೇಟ್-ಆಬ್ಸ್’ ನೋಡಿ. ಅದರಲ್ಲಿರುವುದು ಸಾಮಾನ್ಯವಾಗಿ ನಮ್ಮ ಗಡಿಯಾರದ ವೇಳೆ ಅಲ್ಲ, ಐದೂವರೆ ಗಂಟೆ ಹಿಂದಿನ ವಿಶ್ವ ವೇಳೆ. ಸಿಂಧನೂರಿನಲ್ಲಿ ಬೆಳಗಿನ ಜಾವ 4 ಕ್ಕೆ ತೆಗೆದ ಚಿತ್ರದ ಮೇಲೆ ಹಿಂದಿನ ದಿನದ ತಾರೀಖು, 22:30 ಅಂತ ಇರುತ್ತದೆ. ‘ಸರ್, ಫೈಲಿನ ತಾರೀಖೇ ತಪ್ಪಿದೆ’ ಅಂತ ಪ್ರತಿ ವರ್ಷ ಒಬ್ಬ ವಿದ್ಯಾರ್ಥಿಯಾದರೂ ಓಡಿ ಬರುತ್ತಾನೆ.

ಇದನ್ನೇ 42 ಫೈಲಿಗೂ ಮೌಸಿನಲ್ಲಿ ಒಂದೊಂದಾಗಿ ಮಾಡಿದರೆ ಮಧ್ಯಾಹ್ನ ಪೂರ್ತಿ ಹೋಗುತ್ತದೆ, ಮೂವತ್ತನೇ ಫೈಲಿಗೆ ಕಣ್ಣು ತಪ್ಪುತ್ತದೆ. ಕಮಾಂಡ್ ಲೈನಿನಲ್ಲಿ ‘ಫಾರ್’ ಹಾಕಿ ಒಂದು ಸಾಲು ಬರೆದರೆ 42 ರ ಎಕ್ಸ್‌ಪೋಷರೂ ಒಂದೇ ಪಟ್ಟಿಯಲ್ಲಿ ಬರುತ್ತವೆ. ಗೆಲಾಕ್ಸಿ ಚಿತ್ರ 120 ಸೆಕೆಂಡಿನದು, ಡಾರ್ಕ್ 60 ಸೆಕೆಂಡಿನದು (ಎರಡೂ ಒಂದೇ ಇರಬೇಕು, ಯಾಕೆ ಅಂತ ಮುಂದೆ ಹೇಳುತ್ತೇನೆ) ಅನ್ನುವಂಥದ್ದು ಗೊತ್ತಾಗುವುದು ಆಗಲೇ. ಕಮಾಂಡ್ ಲೈನಿನ ಲಾಭ ಇಷ್ಟೇ. ಅದು ಮಾಯೆ ಅಲ್ಲ, ಬೇಸರ ಪಡದೆ ಅದೇ ಕೆಲಸ ಮತ್ತೆ ಮತ್ತೆ ಮಾಡುವ ಆಳು. ನಿನ್ನೆ ಏನು ಮಾಡಿದೆವು ಅಂತ ‘ಹಿಸ್ಟರಿ’ ಕೇಳಿದರೆ ಹೇಳುವ ಆಳು ಕೂಡ. ಮೌಸಿನಿಂದ ಎಲ್ಲೆಲ್ಲಿ ಒತ್ತಿದಿರಿ ಅಂತ ಒಂದು ವಾರ ಬಿಟ್ಟು ನಿಮಗೆ ನೆನಪಿರುವುದಿಲ್ಲ.

ಎಷ್ಟು ಕಮಾಂಡ್ ಕಲಿಯಬೇಕು? ಶುರುವಿಗೆ ಹನ್ನೆರಡು ಸಾಕು. ಪಿಡಬ್ಲ್ಯೂಡಿ (ರಸ್ತೆ ಮಾಡುವ ಇಲಾಖೆ ಅಲ್ಲ, ‘ನಾನೀಗ ಯಾವ ಫೋಲ್ಡರಿನಲ್ಲಿದ್ದೇನೆ’ ಅಂತ ಕೇಳುವುದು), ಫೋಲ್ಡರಿನಲ್ಲಿ ಏನೇನಿದೆ ಅಂತ ಪಟ್ಟಿ ಕೊಡುವ ಎಲ್‌ಎಸ್, ಬೇರೆ ಫೋಲ್ಡರಿಗೆ ಹೋಗುವ ಸಿಡಿ, ಫೋಲ್ಡರ್ ಮಾಡುವ ಎಂಕೆಡಿರ್, ನಕಲು ಮಾಡುವ ಸಿಪಿ, ಸರಿಸುವ ಎಂವಿ, ಹುಡುಕುವ ಗ್ರೆಪ್, ಎಣಿಸುವ ಡಬ್ಲ್ಯೂಸಿ, ಈಗ ನೋಡಿದ ಹೆಡ್, ಫೋಲ್ಡ್, ಹಿಸ್ಟರಿ. ಹನ್ನೆರಡನೆಯದು ಅಳಿಸುವ ಆರ್‌ಎಂ. ಅದರದೇ ಕಥೆ ಇದೆ.

ನಿಮ್ಮ ಫೋಲ್ಡರ್ ಹೋಗಿದ್ದು ಒಂದು ಖಾಲಿ ಜಾಗದಿಂದ. ಕಮಾಂಡ್ ಲೈನಿಗೆ ಸ್ಪೇಸ್ ಅಂದರೆ ‘ಇಲ್ಲಿಗೆ ಒಂದು ಹೆಸರು ಮುಗಿಯಿತು’ ಅಂತ. ನೀವು ‘ಎಂ51 ಓಲ್ಡ್’ ಅಳಿಸು ಅಂದಿರಿ. ಅದು ‘ಎಂ51 ಅಳಿಸು, ಓಲ್ಡ್ ಅಳಿಸು’ ಅಂತ ಎರಡು ಹೆಸರಾಗಿ ಕೇಳಿಸಿಕೊಂಡಿತು. ಎಂ51 ಸಿಕ್ಕಿತು, ಅಳಿಸಿತು. ‘ಓಲ್ಡ್’ ಅಂತ ಯಾವುದೂ ಇಲ್ಲ ಅಂತ ನಿಮಗೊಂದು ಸಾಲು ಬೈದಿರಬೇಕು, ನೀವು ಗಮನಿಸಿರಲಿಕ್ಕಿಲ್ಲ. ನಾಚಿಕೆ ಪಡಬೇಡಿ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ, ಬೆಳಗಿನ ಜಾವ ಕಣ್ಣು ಎಳೆಯುವಾಗ ‘ಆರ್‌ಎಂ *.ಫಿಟ್ಸ್’ ಹೊಡೆಯುವ ಬದಲು ನಕ್ಷತ್ರ ಚಿಹ್ನೆಗೂ ಚುಕ್ಕಿಗೂ ನಡುವೆ ಒಂದು ಸ್ಪೇಸ್ ಬಿಟ್ಟೆ. ನಕ್ಷತ್ರ ಅಂದರೆ ‘ಇಲ್ಲಿರುವುದೆಲ್ಲ’. ಆ ಫೋಲ್ಡರಿನ ಫೈಲುಗಳೆಲ್ಲ ಹೋದವು, ನಾಲ್ಕು ದಿನದ ನನ್ನ ಪ್ರೋಗ್ರಾಮೂ ಸೇರಿ. ಕೊನೆಗೆ ‘ಡಾಟ್ ಫಿಟ್ಸ್ ಅನ್ನುವ ಫೈಲ್ ಇಲ್ಲ’ ಅಂತ ನನಗೇ ದೂರು ಹೇಳಿತು!

ಅವತ್ತಿನಿಂದ ಮೂರು ಅಭ್ಯಾಸ ಬಿಟ್ಟಿಲ್ಲ. ಫೈಲಿಗೂ ಫೋಲ್ಡರಿಗೂ ಸ್ಪೇಸ್ ಇರುವ ಹೆಸರು ಇಡುವುದಿಲ್ಲ, ಕೆಳಗೆರೆ ಹಾಕುತ್ತೇನೆ. ಅಳಿಸುವ ಮುಂಚೆ ಆರ್‌ಎಂ ಜಾಗದಲ್ಲಿ ಎಲ್‌ಎಸ್ ಹಾಕಿ, ಏನೇನು ಹೋಗಲಿದೆ ಅಂತ ಪಟ್ಟಿ ನೋಡುತ್ತೇನೆ. ಅಸಲಿ ಚಿತ್ರಗಳನ್ನು ಒಂದು ಫೋಲ್ಡರಿನಲ್ಲಿಟ್ಟು ಅದನ್ನು ಮುಟ್ಟುವುದೇ ಇಲ್ಲ, ಕೆಲಸವೆಲ್ಲ ನಕಲಿನ ಮೇಲೆ. ನಿಮ್ಮ ಪೆನ್ ಡ್ರೈವನ್ನು ಬೀರುವಿನಲ್ಲಿಡಿ.

ಇನ್ನು ಲ್ಯಾಪ್‌ಟಾಪ್ ನಿಂತಿದ್ದು. ಇಲ್ಲಿ ತಮ್ಮನವರ ಮಾತು ಅರ್ಧ ನಿಜ. ರ‍್ಯಾಮ್ ಸಾಲಲಿಲ್ಲ ನಿಜ, ಅದಕ್ಕೆ 80 ಸಾವಿರ ಸುರಿಯಬೇಕು ಅನ್ನುವುದು ಸುಳ್ಳು. ಲೆಕ್ಕ ಹಾಕಿ. ಫೈಲಿನಲ್ಲಿ ಒಂದು ಅಂಕಿಗೆ 2 ಬೈಟ್. ಲೆಕ್ಕ ಮಾಡಲು ಹೊರಟಾಗ ಪೈಥಾನ್ ಅದನ್ನು ಸಾಮಾನ್ಯವಾಗಿ 8 ಬೈಟಿಗೆ ಉಬ್ಬಿಸುತ್ತದೆ. 1.64 ಕೋಟಿ × 8 ಅಂದರೆ ಒಂದು ಚಿತ್ರಕ್ಕೆ 131 ಎಂಬಿ. 42 ಕ್ಕೆ 5.5 ಜಿಬಿ. ಮೀಡಿಯನ್ ತೆಗೆಯಲು ಅಂಕಿಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಬೇಕು, ಅದಕ್ಕೆ ಇನ್ನೊಂದು ನಕಲು. ಅಲ್ಲಿಗೆ 11 ಜಿಬಿ. ನಿಮ್ಮಲ್ಲಿ ಇರುವುದು 8, ಅದರಲ್ಲೂ ವಿಂಡೋಸ್ ತನ್ನ ಪಾಲು ಮೊದಲೇ ತಿಂದಿರುತ್ತದೆ.

ಪರಿಹಾರ ಎರಡಿವೆ. 8 ಬೈಟಿನ ಬದಲು 4 ಬೈಟಿನ ದಶಮಾಂಶ ಸಂಖ್ಯೆ ಸಾಕು ಅಂತ ಹೇಳುವುದು, ಅದಕ್ಕೆ ‘ಫ್ಲೋಟ್32’ ಅನ್ನುತ್ತಾರೆ. ಆಗ ಅರ್ಧಕ್ಕರ್ಧ ಉಳಿಯಿತು. ಇನ್ನೊಂದು, 42 ನ್ನೂ ಒಟ್ಟಿಗೆ ಕಲಸದಿರುವುದು. ಗೆಲಾಕ್ಸಿಯ 22 ಚಿತ್ರ ಬೇರೆ, ಡಾರ್ಕ್ ಬೇರೆ, ಫ್ಲ್ಯಾಟ್ ಬೇರೆ. ಅವನ್ನು ಕಲಸಿ ಮೀಡಿಯನ್ ತೆಗೆದರೆ ಬರುವ ಅಂಕಿಗೆ ಅರ್ಥವೂ ಇಲ್ಲ. 22 ಚಿತ್ರ ಫ್ಲೋಟ್32 ರಲ್ಲಿ ಸುಮಾರು 1.4 ಜಿಬಿ, ನಕಲು ಸೇರಿ 2.9. ನಿಮ್ಮ ಹಳೇ ಲ್ಯಾಪ್‌ಟಾಪ್ ಆರಾಮಾಗಿ ಹೊರುತ್ತದೆ. ಸಿಸಿಡಿಪ್ರಾಕ್ ಅನ್ನುವ ಉಚಿತ ಪೈಥಾನ್ ಪ್ಯಾಕೇಜ್ ಇದೆ. ‘ಇಷ್ಟೇ ಮೆಮೊರಿ ಬಳಸು’ ಅಂತ ಮಿತಿ ಹಾಕಿದರೆ ಚಿತ್ರವನ್ನು ತುಂಡು ತುಂಡಾಗಿ ತೆಗೆದುಕೊಂಡು ತಾನೇ ಸಂಭಾಳಿಸುತ್ತದೆ.

ಸರಾಸರಿ ಬಿಟ್ಟು ಮೀಡಿಯನ್ ಯಾಕೆ ಅಂತ ನಿಮಗೆ ಹೇಳಬೇಕಿಲ್ಲ, ಆದರೂ ಮಕ್ಕಳಿಗೆ ಹೇಳಲು ಒಂದು ಉದಾಹರಣೆ ಇಟ್ಟುಕೊಳ್ಳಿ. ಒಂದೇ ಮನೆಯ ಅಂಕಿ ಐದು ಚಿತ್ರಗಳಲ್ಲಿ 1012, 1008, 1010, 9800, 1009. ನಾಲ್ಕನೆಯದರಲ್ಲಿ ಉಪಗ್ರಹವೊಂದು ದಾಟಿ ಹೋಯಿತು. ಸರಾಸರಿ 2768 ಬರುತ್ತದೆ, ಆ ಗೆರೆ ಅಂತಿಮ ಚಿತ್ರದಲ್ಲೂ ಉಳಿಯುತ್ತದೆ. ಮೀಡಿಯನ್ 1010. ಉಪಗ್ರಹ ಬಂದದ್ದೇ ಗೊತ್ತಾಗುವುದಿಲ್ಲ.

ಈಗ ನೀವಿನ್ನೂ ಬೀಳದ, ಆದರೆ ಮುಂದಿನ ವಾರ ಖಂಡಿತ ಬೀಳಲಿರುವ ಒಂದು ಗುಂಡಿ ತೋರಿಸುತ್ತೇನೆ. ಚಿತ್ರ ಹಸನು ಮಾಡುವುದು ಅಂದರೆ ಜೋಳ ಹಸನು ಮಾಡಿದ ಹಾಗೇ, ಬೇಡದ್ದನ್ನು ತೆಗೆಯುವುದು. ಟೆಲಿಸ್ಕೋಪಿನ ಬಾಯಿ ಮುಚ್ಚಿ ಅಷ್ಟೇ ಹೊತ್ತು ತೆಗೆದ ಚಿತ್ರ ಡಾರ್ಕ್. ಬೆಳಕೇ ಇಲ್ಲದಿದ್ದರೂ ಕ್ಯಾಮೆರಾದ ಬಿಸಿಗೆ ಹುಟ್ಟುವ ಅಂಕಿಗಳು ಅದರಲ್ಲಿರುತ್ತವೆ. ಅದನ್ನು ಕಳೆಯಬೇಕು. ಸಮನಾಗಿ ಬೆಳಗಿದ ಪರದೆಯನ್ನೋ ಮುಸ್ಸಂಜೆಯ ಆಕಾಶವನ್ನೋ ತೆಗೆದ ಚಿತ್ರ ಫ್ಲ್ಯಾಟ್. ಮೂಲೆ ಮಬ್ಬು, ಗಾಜಿನ ಮೇಲಿನ ಧೂಳಿನ ಉಂಗುರ ಅದರಲ್ಲಿ ಕಾಣುತ್ತವೆ. (ಸಂಡೂರಿನ ಕಡೆ ಒಮ್ಮೆ ಟೆಲಿಸ್ಕೋಪ್ ಒಯ್ದು ನೋಡಿ, ಫ್ಲ್ಯಾಟ್ ಯಾಕೆ ಬೇಕು ಅಂತ ಕೆಂಪು ಧೂಳೇ ಹೇಳುತ್ತದೆ.) ಅದರಿಂದ ಭಾಗಿಸಬೇಕು.

ಕಳೆಯುವುದು ಸುಲಭ ಅಲ್ವಾ? ಅಲ್ಲೇ ಇದೆ ಗುಂಡಿ. ನಿಮ್ಮ ಸ್ನೇಹಿತರ ಕ್ಯಾಮೆರಾದಂಥವು ಬರೆಯುವ ಅಂಕಿಗಳಿಗೆ ಮೈನಸ್ ಅನ್ನುವುದೇ ಗೊತ್ತಿಲ್ಲ, 0 ಯಿಂದ 65535 ಅಷ್ಟೇ. ಪೈಥಾನೂ ಫೈಲನ್ನು ಹಾಗೇ ಓದುತ್ತದೆ. ಗೆಲಾಕ್ಸಿ ಚಿತ್ರದ ಒಂದು ಮನೆಯಲ್ಲಿ 1000 ಇದೆ, ಡಾರ್ಕ್‌ನಲ್ಲಿ ಅದೇ ಮನೆ 1005 ಇದೆ ಅನ್ನಿ. 1000 ದಿಂದ 1005 ಕಳೆದರೆ ಮೈನಸ್ 5. ಆದರೆ ಉತ್ತರ 65531 ಅಂತ ಬರುತ್ತದೆ! ಬೈಕಿನ ಮೀಟರನ್ನು ಸೊನ್ನೆಯಿಂದ ಹಿಂದಕ್ಕೆ ತಿರುಗಿಸಿದರೆ 99999 ಬರುತ್ತದಲ್ಲ, ಹಾಗೆ. ಅತಿ ಕಪ್ಪಾಗಬೇಕಿದ್ದ ಮನೆ ಅತಿ ಬೆಳ್ಳಗಾಯಿತು. ಚಿತ್ರದ ತುಂಬ ಅಕ್ಕಿ ಚೆಲ್ಲಿದ ಹಾಗೆ ಚುಕ್ಕೆಗಳು. ಪೈಥಾನ್ ಯಾವ ಎರರೂ ತೋರಿಸುವುದಿಲ್ಲ, ತಣ್ಣಗೆ ತಪ್ಪು ಉತ್ತರ ಕೊಟ್ಟು ಕೂತಿರುತ್ತದೆ. ಕಳೆಯುವ ಮುಂಚೆ ಎರಡೂ ಚಿತ್ರಗಳನ್ನು ಫ್ಲೋಟ್32 ಮಾಡಿಕೊಂಡರೆ ಈ ತೊಂದರೆಯೇ ಇಲ್ಲ. ಒಂದೇ ಸಾಲಿನ ಕೆಲಸ.

ಎಐ ಚಾಟ್‌ಬಾಟ್ ಬಗ್ಗೆ ನೀವು ಕೇಳಿಲ್ಲ, ಆದರೆ ಬಳಸೇ ಬಳಸುತ್ತೀರಿ, ಬಳಸಿ. ಎರರ್ ಸಾಲು ಅಂಟಿಸಿ ‘ಕನ್ನಡದಲ್ಲಿ ವಿವರಿಸು’ ಅಂದರೆ ಚೆನ್ನಾಗಿ ಹೇಳುತ್ತವೆ. ಕೋಡ್ ಬರೆಸಿಕೊಂಡರೆ ಮಾತ್ರ ಮೇಲಿನಂಥ ಗುಂಡಿ ಒಳಗೇ ಇರಬಹುದು. ಕೋಡ್ ಓಡಿತು ಅಂದರೆ ಸರಿ ಇದೆ ಅಂತಲ್ಲ. ಮೊದಲು ಐದು ಅಂಕಿಗಳ ಪಟ್ಟಿ ಕೊಟ್ಟು ನೋಡಿ, ಅದರ ಉತ್ತರ ನೀವು ಕೈಲೆಕ್ಕದಲ್ಲಿ ತೆಗೆದಿರಬೇಕು. ಎರಡೂ ಒಂದೇ ಬಂದ ಮೇಲೆ 1.64 ಕೋಟಿ ಅಂಕಿಗಳ ಮೇಲೆ ಬಿಡಿ. ಗಣಿತದ ಟೀಚರ್‌ಗೆ ಇದು ರೂಢಿ, ಇಂಜಿನಿಯರಿಂಗ್ ಹುಡುಗರಿಗೆ ನಾನು ಇದನ್ನು ತಿಂಗಳುಗಟ್ಟಲೆ ಹೇಳಿಕೊಡಬೇಕು.

ಪೂರ್ತಿ ಲಿನಕ್ಸ್ ಹಾಕುವ ಮಾತು. ನನ್ನ ಕೆಲಸ ನಡೆಯುವುದು ಲಿನಕ್ಸಿನಲ್ಲೇ, ಆದರೂ ನಿಮಗೆ ಬೇಡ ಅನ್ನುತ್ತೇನೆ. ಮನೆಯಲ್ಲಿ ಇರುವುದು ಒಂದೇ ಲ್ಯಾಪ್‌ಟಾಪ್, ಅದರಲ್ಲಿ ಮಕ್ಕಳ ಅಂಕಪಟ್ಟಿ, ಶಾಲೆಯ ಕಾಗದ ಪತ್ರ ಎಲ್ಲ ಇರುತ್ತವೆ. ಡಿಸ್ಕ್ ಭಾಗ ಮಾಡುವಾಗ ಒಂದು ತಪ್ಪು ಒತ್ತಿದರೆ ಅಷ್ಟೂ ಹೋಗುತ್ತದೆ. ತಮ್ಮ ಹಾಕಿಕೊಟ್ಟ ಉಬುಂಟು ವಿಂಡೋಸಿನ ಒಳಗೇ ನಡೆಯುವಂಥದ್ದು, ಡಬ್ಲ್ಯೂಎಸ್‌ಎಲ್ ಅಂತ. ನಮ್ಮ ಕೆಲಸಕ್ಕೆ ಅದು ಸಾಕು. ಕೆಲವು ಜಿಬಿ ಡಿಸ್ಕ್ ತಿನ್ನುತ್ತದೆ, ಅದೊಂದು ನೋಡಿಕೊಳ್ಳಿ. ಅದೂ ಬೇಡ ಅಂದರೆ ಗೂಗಲ್ ಕೋಲ್ಯಾಬ್ ಇದೆ. ಬ್ರೌಸರಿನಲ್ಲೇ ಪೈಥಾನ್, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಆದರೆ ನಿಮ್ಮ 33 ಎಂಬಿಯ 42 ಫೈಲು ಅಪ್‌ಲೋಡ್ ಮಾಡಲು ಒಂದು ದಿನದ ನೆಟ್ ಪ್ಯಾಕ್ ಖಾಲಿ, ಸೆಷನ್ ಮುಗಿದರೆ ಗೂಗಲ್ ಡ್ರೈವಿನಲ್ಲಿ ಉಳಿಸದ ಫೈಲು ಮಾಯ. ಕಲಿಯಲು ಕೋಲ್ಯಾಬ್, ದುಡಿಯಲು ಸ್ವಂತ ಲ್ಯಾಪ್‌ಟಾಪ್, ಅಂತ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಸಿರಿಲ್ ಅನ್ನುವ ಉಚಿತ ಸಾಫ್ಟ್‌ವೇರ್ ಕೂಡ ಇದೆ. ಗುಂಡಿ ಒತ್ತಿದರೆ ಹಸನು ಮಾಡಿ, ಕೂಡಿಸಿ, ಚೆಂದದ ಚಿತ್ರ ಕೊಡುತ್ತದೆ. ಮೊದಲ ಸಲ ಅದರಲ್ಲೇ ಮಾಡಿ. ಎಂ51 ಕಣ್ಣಿಗೆ ಬಿದ್ದರೆ ಉಳಿದದ್ದು ಕಲಿಯಲು ಹುರುಪು ಬರುತ್ತದೆ.

45 ಸಾವಿರದ ಕೋರ್ಸ್? ನಿಮ್ಮ ಕೆಲಸಕ್ಕೆ ಬೇಡ. ಡೇಟಾ ಸೈನ್ಸ್ ಕೋರ್ಸುಗಳಲ್ಲಿ ಹೇಳಿಕೊಡುವುದು ಹೆಚ್ಚಾಗಿ ವ್ಯಾಪಾರದ ಪಟ್ಟಿಗಳ ಲೆಕ್ಕ. ಕೆಲಸ ಬದಲಿಸುವವರಿಗೆ ಅದು ಉಪಯೋಗ ಆಗಬಹುದು, ನೀವು ಕೆಲಸ ಬದಲಿಸುತ್ತಿಲ್ಲ. ಅಲ್ಲಿ ಯಾರೂ ಫಿಟ್ಸ್ ಫೈಲ್ ತೆಗೆದು ತೋರಿಸುವ ಹಾಗೆ ಕಾಣುವುದಿಲ್ಲ. ಸೇರುವ ಮುಂಚೆ ಸುಮ್ನೆ ಒಂದು ಫೈಲ್ ಒಯ್ದು ‘ಇದನ್ನು ತೆಗೆಯಿರಿ’ ಅಂತ ಕೇಳಿ ನೋಡಿ! ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಲಿನಕ್ಸ್ ಪಾಠಗಳು ಕನ್ನಡದಲ್ಲೇ ಇವೆ, ಉಚಿತ. ಚಿತ್ರದ ಕೆಲಸಕ್ಕೆ ಬೇಕಾದ ಪೈಥಾನ್ ಪ್ಯಾಕೇಜುಗಳಾದ ಆಸ್ಟ್ರೋಪೈ, ನಮ್‌ಪೈ, ಮ್ಯಾಟ್‌ಪ್ಲಾಟ್‌ಲಿಬ್ ಎಲ್ಲವೂ ಉಚಿತ. ಮೂರು ತಿಂಗಳು, ವಾರಕ್ಕೆ ನಾಲ್ಕು ಗಂಟೆ ಕೊಡಿ. ಪೈಥಾನ್ ಪೂರ್ತಿ ಕಲಿತ ಮೇಲೆ ಚಿತ್ರ ಮುಟ್ಟುತ್ತೇನೆ ಅನ್ನಬೇಡಿ. ಹಾಗಂದವರು ಮೂರನೇ ವಾರಕ್ಕೇ ಬಿಟ್ಟಿದ್ದನ್ನು ಬಹಳ ನೋಡಿದ್ದೇನೆ. ಕೈಯಲ್ಲಿರುವ ಚಿತ್ರ ಏನು ಕೇಳುತ್ತದೋ ಅಷ್ಟು ಮಾತ್ರ ಕಲಿಯಿರಿ.

ಇಂಗ್ಲಿಷ್ ಬಗ್ಗೆ ಒಂದೇ ಮಾತು. ಪೈಥಾನ್ ಎರರ್ ಇಪ್ಪತ್ತು ಸಾಲು ಕೆಂಪಗೆ ಬಂದರೆ ಗಾಬರಿ ಬೇಡ, ಕೊನೆಯ ಸಾಲು ಮೊದಲು ಓದಿ. ಕಾರಣ ಸಾಮಾನ್ಯವಾಗಿ ಅಲ್ಲಿರುತ್ತದೆ. ‘ಫೈಲ್ ನಾಟ್ ಫೌಂಡ್’ ಅರ್ಥ ಆಗಲು ಎಂಎ ಇಂಗ್ಲಿಷ್ ಬೇಕಿಲ್ಲ.

ಟೆಲಿಸ್ಕೋಪ್ ಇಲ್ಲ ಅಂತ ಕೊರಗಲೂಬೇಡಿ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4500 ಮೀಟರ್ ಎತ್ತರದಲ್ಲಿರುವ 2 ಮೀಟರಿನ ಟೆಲಿಸ್ಕೋಪನ್ನು ನಮ್ಮ ಹೊಸಕೋಟೆಯಲ್ಲಿ ಕೂತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ವೃತ್ತಿಯವರೂ ಈಗ ಕಣ್ಣಿಟ್ಟು ನೋಡುವುದಿಲ್ಲ, ಫೈಲನ್ನೇ ನೋಡುವುದು. ನಾಸಾದ ಸ್ಕೈವ್ಯೂ ಅನ್ನುವ ತಾಣದಲ್ಲಿ ಯಾವುದೇ ಗೆಲಾಕ್ಸಿಯ ಹೆಸರು ಕೊಟ್ಟರೆ ಆ ಜಾಗದ ಫಿಟ್ಸ್ ಚಿತ್ರ ಪುಕ್ಕಟೆ ಸಿಗುತ್ತದೆ. 300 × 300 ಮನೆಯ ಚಿತ್ರ, ಮನೆಗೆ 4 ಬೈಟ್ ಅಂದರೆ 360 ಕೆಬಿ ಆಯಿತು. ಗುಡ್ ಮಾರ್ನಿಂಗ್ ವಿಡಿಯೋಗಿಂತ ಎಷ್ಟೋ ಸಣ್ಣದು. ಅಭ್ಯಾಸಕ್ಕೆ ಅದು ಒಳ್ಳೆಯದು, ಲ್ಯಾಪ್‌ಟಾಪ್ ನಿಲ್ಲುವ ಮಾತೇ ಇಲ್ಲ.

ಕೊನೆಗೆ ಒಂಬತ್ತನೇ ಕ್ಲಾಸಿನ ಮಕ್ಕಳು. ಅವರಿಗೆ ಕಂಪ್ಯೂಟರ್ ತೋರಿಸುವ ಮೊದಲು ಕಾಗದ ಕೊಡಿ. ನಿಮ್ಮ ಹಸನಾದ ಚಿತ್ರದಲ್ಲಿ ಒಂದು ಒಂಟಿ ನಕ್ಷತ್ರ ಆರಿಸಿ. ತೀರ ಬೆಳಗುವುದು ಬೇಡ, 65535 ರ ಹತ್ತಿರ ಹೋಗಿದ್ದರೆ ಅಳತೆ ಅಲ್ಲಿ ಕಟ್ಟಾಗಿರುತ್ತದೆ. ಅದರ ಸುತ್ತಲಿನ 15 × 15 ಮನೆಯ ಅಂಕಿಗಳನ್ನು ಪ್ರಿಂಟ್ ಮಾಡಿ, ಒಂದೊಂದು ಗುಂಪಿಗೂ ಒಂದೊಂದು ಹಾಳೆ. ಅಂಚಿನ ಮನೆಗಳ ಮೀಡಿಯನ್ ತೆಗೆಯಲಿ, ಅದು ಆಕಾಶದ ಬೆಳಕು. ನಡುವಿನ ಮನೆಗಳಿಂದ ಅದನ್ನು ಕಳೆದು, ಉಳಿದದ್ದನ್ನು ಕೂಡಲಿ. ಅದೇ ಆ ನಕ್ಷತ್ರದ ಬೆಳಕು. ಇನ್ನೊಂದು ನಕ್ಷತ್ರಕ್ಕೂ ಹಾಗೇ ಮಾಡಿ ಅನುಪಾತ ತೆಗೆಯಲಿ. 100 ಪಟ್ಟು ವ್ಯತ್ಯಾಸ ಅಂದರೆ 5 ಮ್ಯಾಗ್ನಿಟ್ಯೂಡ್ (ನಕ್ಷತ್ರದ ಹೊಳಪು ಅಳೆಯುವ ಮಾನ), ಒಂದಕ್ಕೆ ಸುಮಾರು 2.5 ಪಟ್ಟು. ವೃತ್ತಿಯವರು ಫೋಟೋಮೆಟ್ರಿ ಅಂತ ಮಾಡುವುದು ಇದನ್ನೇ. ಆಮೇಲೆ ಅದೇ ಕೂಡುವ ಲೆಕ್ಕವನ್ನು ಪೈಥಾನಿನಲ್ಲಿ ಮಾಡಿ ತೋರಿಸಿ.

ಹಾಳೆಯ ಮೊತ್ತಕ್ಕೂ ಪೈಥಾನಿನ ಮೊತ್ತಕ್ಕೂ ತಾಳೆ ಆಗದಿದ್ದರೆ ಮಕ್ಕಳನ್ನು ಬೈಯುವ ಮುಂಚೆ ಒಂದು ನೋಡಿ. ಡಿಎಸ್9 ಮನೆಗಳನ್ನು 1 ರಿಂದ ಎಣಿಸುತ್ತದೆ, ಅಡ್ಡ ಮೊದಲು ಹೇಳುತ್ತದೆ. ಪೈಥಾನ್ 0 ಯಿಂದ ಎಣಿಸುತ್ತದೆ, ಉದ್ದ ಮೊದಲು ಕೇಳುತ್ತದೆ. ಡಿಎಸ್9 ನಲ್ಲಿ ನಕ್ಷತ್ರ 2301, 1180 ರಲ್ಲಿದ್ದರೆ ಪೈಥಾನಿಗೆ 1179, 2300 ಅಂತ ಕೊಡಬೇಕು. ಇಲ್ಲದಿದ್ದರೆ ಅದು ಬೇರೆ ಯಾವುದೋ ಖಾಲಿ ಆಕಾಶ ಕೂಡಿ ಕೊಟ್ಟಿರುತ್ತದೆ.